ಮೇಯಲು ಹೋದ ನಂಬರು

ಮಂಗಸೂಳಿಯಿಂದ ಕಾಗವಾಡದ ಕಡೆಗೆ ಹೊರಟರೆ, ದ್ರಾಕ್ಷಿ ತೋಟಗಳ ನಡುವೆ ರಸ್ತೆಯ ಎಡಕ್ಕೆ ಒಂದು ಬೋರ್ಡು ಕಾಣುತ್ತದೆ. ಅದರಲ್ಲಿ ಎರಡೇ ಸಾಲು. ‘ಮಲ್ಲಯ್ಯ ಹೈನುಗಾರಿಕೆ ತರಬೇತಿ ಕೇಂದ್ರ’ ಎಂಬ ಸಾಲನ್ನು ಓದಲು ಗಾಡಿ ನಿಲ್ಲಿಸಿ ಕೆಳಗಿಳಿಯಬೇಕು. ‘ಪ್ರಾಚಾರ್ಯರು: ಭಾವುಸಾಹೇಬ’ ಎಂಬುದನ್ನು ಮಾತ್ರ ಓಡುವ ಬಸ್ಸಿನೊಳಗಿಂದ, ಕನ್ನಡಕ ಮನೆಯಲ್ಲಿ ಮರೆತು ಬಂದವರೂ ಓದಬಹುದು. ಪೇಂಟರು ಮೊದಲು ಎರಡೂ ಸಾಲನ್ನು ಸಮ ಅಳತೆಯಲ್ಲೇ ಬರೆದಿದ್ದ. ಭಾವುಸಾಹೇಬನೇ ಎದುರಿಗೆ ನಿಂತು ಅಳಿಸಿ ತಿದ್ದಿಸಿದ.

ನಗಬೇಡಿ. ಐವತ್ತೊಂದು ವರ್ಷ ಆತ ಊರಿಗೆಲ್ಲ ‘ರಾವಸಾಹೇಬರ ತಮ್ಮ’ ಎಂದೇ ಬಾಳಿದವನು. ದ್ರಾಕ್ಷಿಗೆ ಯಾವಾಗ ಔಷಧ ಹೊಡೆಯಬೇಕು, ಕಬ್ಬು ಯಾವ ಕಾರ್ಖಾನೆಗೆ ಹೋಗಬೇಕು, ಮನೆಗೆ ಯಾವ ಬಣ್ಣ ಬಳಿಯಬೇಕು, ಎಲ್ಲ ಅಣ್ಣನ ಮಾತು. ತಮ್ಮನ ಪಾಲಿಗೆ ಉಳಿದದ್ದು ಹೂಂಗುಟ್ಟುವ ಕೆಲಸ. ಸಾಯುವುದರೊಳಗೆ ನಾಲ್ಕು ಜನ ತನ್ನನ್ನು ‘ಸರ್’ ಎಂದು ಕರೆಯಬೇಕು ಎಂಬ ಆಸೆ ಅವನಿಗೆ ಹುಟ್ಟಿದ್ದರಲ್ಲಿ ತಪ್ಪೇನಿಲ್ಲ. ಹೈನುಗಾರಿಕೆ ಕಲಿಸುವ ಕೇಂದ್ರಕ್ಕೆ ಅರ್ಜಿ ಹಾಕಿದ, ಯಾರ ಪುಣ್ಯವೋ ಮಾನ್ಯತೆಯೂ ಸಿಕ್ಕಿತು. ರಾವಸಾಹೇಬರು ತಮ್ಮ ಹಳೆಯ ಒಣದ್ರಾಕ್ಷಿ ಶೆಡ್ಡನ್ನು ತರಗತಿಗೆಂದು ಬಿಟ್ಟುಕೊಟ್ಟರು, ಒಂದು ಷರತ್ತಿನ ಮೇಲೆ.

“ಮಾನ್ಯತಾ ಇರೂತನಾ ಶೆಡ್ ನಿಂದು. ಮಾನ್ಯತಾ ಹೋತಂದ್ರ ಅವತ್ತ ಬೋರ್ಡ್ ಇಳಿಸಿ ದ್ರಾಕ್ಷಿ ಒಣ ಹಾಕ್ತೇನಿ. ತಿಳೀತಿಲ್ಲೋ?”

“ಹೂಂ ದಾದಾ,” ಎಂದ ಭಾವುಸಾಹೇಬ.

ಆರು ವಾರದ ಕೋರ್ಸಿಗೆ ಇಪ್ಪತ್ತೆರಡು ಜನ ಸೇರಿದರು. ಎಲ್ಲರೂ ಸುತ್ತಲಿನ ತೋಟದ ವಸ್ತಿಗಳಲ್ಲಿ ಎಮ್ಮೆ ಕಟ್ಟಿದ ಹೆಂಗಸರು. ಕೋರ್ಸು ಮುಗಿದರೆ ಹೆಸರು ಬರೆದ ಪ್ರಮಾಣಪತ್ರ ಸಿಗುತ್ತದೆ ಎಂದು ಬಂದವರು. ಎಮ್ಮೆಯ ವಿಷಯದಲ್ಲಿ ಅವರಿಗೆ ಕಲಿಸುವಂಥದ್ದು ಪ್ರಾಚಾರ್ಯರ ಹತ್ತಿರ ಏನೂ ಇರಲಿಲ್ಲ. ಹೀಗಾಗಿ ಅವರು ಪುಸ್ತಕ ನೋಡಿಕೊಂಡು ಓದುವುದು, ಹೆಂಗಸರು ಪುಸ್ತಕದ ತಪ್ಪು ತಿದ್ದುವುದು, ಹೀಗೆ ತರಗತಿ ಚೆನ್ನಾಗಿಯೇ ನಡೆದಿತ್ತು.

ಐದನೆಯ ವಾರದ ಸೋಮವಾರ ಇಲಾಖೆಯಿಂದ ಒಂದು ಪತ್ರ ಬಂತು. ‘ಪ್ರತಿಯೊಂದು ತರಬೇತಿ ಸಂಸ್ಥೆಯು ತನ್ನ ಪ್ರತಿಯೊಬ್ಬ ವಿದ್ಯಾರ್ಥಿಯ ಹನ್ನೆರಡು ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆಯನ್ನು ಬರುವ ಶುಕ್ರವಾರ ಸಂಜೆ ಆರು ಗಂಟೆಯೊಳಗಾಗಿ ಪೋರ್ಟಲ್‌ನಲ್ಲಿ ವರದಿ ಮಾಡತಕ್ಕದ್ದು. ತಪ್ಪಿದಲ್ಲಿ ಮಾನ್ಯತೆಯು ತಾನಾಗಿಯೇ ರದ್ದಾಗತಕ್ಕದ್ದು.’ ಪತ್ರ ನಾಲ್ಕು ಪುಟ ಇತ್ತು. ‘ರದ್ದು’ ಎಂಬ ಶಬ್ದ ಮೊದಲ ಪುಟದಲ್ಲೇ ಎದುರಾದ್ದರಿಂದ ಭಾವುಸಾಹೇಬನ ಕಣ್ಣಿಗೆ ಕತ್ತಲೆ ಬಂದು, ಉಳಿದ ಮೂರು ಪುಟ ಓದದೆಯೇ ಉಳಿದವು.

ನೇರ ತರಗತಿಗೆ ಹೋಗಿ ಘೋಷಿಸಿದ. “ನಾಳಿಗೆ ಎಲ್ಲಾರೂ ನಿಮ್ಮ ನಿಮ್ಮ ಹನ್ನೆರಡು ಅಂಕಿ ನಂಬರ್ ತಗೊಂಡ ಬರ್ರಿ. ಸರಕಾರ ಕೇಳೈತಿ.”

ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವುದಾದರೂ ಏನಿತ್ತು? ಆ ವಸ್ತಿಗಳಲ್ಲಿ ಸರ್ಕಾರವೆಂದರೆ ದನದ ಡಾಕ್ಟರು. ಲಸಿಕೆ ಹಾಕುವಾಗ, ವಿಮೆ ಮಾಡಿಸುವಾಗ, ಗಬ್ಬ ನೋಡುವಾಗ ಅವರು ಮೊದಲು ಕೇಳುವುದು ಎಮ್ಮೆಯ ಕಿವಿಗೆ ಚುಚ್ಚಿದ ಹಳದಿ ಬಿಲ್ಲೆಯ ನಂಬರು. ಅದರಲ್ಲಿ ಎಣಿಸಿ ಹನ್ನೆರಡು ಅಂಕಿ. ಹೈನುಗಾರಿಕೆಯ ಕ್ಲಾಸಿನಲ್ಲಿ ಸರ್ಕಾರ ಹನ್ನೆರಡು ಅಂಕಿ ಕೇಳಿದರೆ ಎಮ್ಮೆಯದನ್ನಲ್ಲದೆ ಇನ್ನಾರದನ್ನು ಕೇಳೀತು ಎಂದು ಇಪ್ಪತ್ತೆರಡು ಜನರೂ ಬೇರೆಬೇರೆಯಾಗಿ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದರು.

ಮರುದಿನ ನಂಬರುಗಳು ಬಂದವು. ಮೀರಜದಿಂದ ಈ ಕಡೆ ಮದುವೆಯಾಗಿ ಬಂದ ಕೋಮಲ ಅಂಗೈ ಮೇಲೆ ಬರೆದುಕೊಂಡು ಬಂದಿದ್ದಳು. ಇನ್ನೊಬ್ಬಳು ಕ್ಯಾಲೆಂಡರಿನ ಒಂದು ತಿಂಗಳನ್ನೇ ಹರಿದು ತಂದಿದ್ದಳು. ಹಿಂದಿನ ಸಾಲಿನ ದುಂಡವ್ವ ಮಾತ್ರ ಬರಿಗೈಯಲ್ಲಿ ಬಂದಳು. ಐವತ್ತೆಂಟರ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಈ ಕ್ಲಾಸನ್ನು ಒಂದು ದಿನವೂ ತಪ್ಪಿಸಿದವಳಲ್ಲ.

“ದುಂಡವ್ವಾ, ನಿನ್ನ ನಂಬರ್ ಎಲ್ಲೈತಿ?”

“ಮೇಯಾಕ ಹೋಗೈತ್ರಿ ಸರ.”

ಅವಳ ಗಂಡ ಭೀಮಸಿ ಕುರಿ ಮೇಯಿಸಲು ಹೋಗುವಾಗ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಬೇಕು ಎಂದು ಭಾವುಸಾಹೇಬ ತಿಳಿದ. “ಯಾವಾಗ ಬರತೈತಿ?”

“ದೀಪಾ ಹಚ್ಚೂ ಹೊತ್ತಿಗೆ ಬರತೈತ್ರಿ. ಆದ್ರ ಎರಡ ದಿನಾ ಆತು, ಭಾಳ ಸಿಟ್ಟಿನಾಗ ಐತಿ. ಹತ್ರ ಹೋದ್ರ ಹಾಯಾಕ ಬರತೈತಿ.”

ಭೀಮಸಿಯ ಸ್ವಭಾವವನ್ನು ಬಲ್ಲ ಭಾವುಸಾಹೇಬ ಇದನ್ನು ತಕ್ಷಣ ನಂಬಿದ. “ಹೊಟ್ಟಿ ತುಂಬ ತಿಂದ ಮ್ಯಾಲ ಮೆಲ್ಲಕ ಕೇಳು.”

“ಹಂಗ ಮಾಡ್ತೇನ್ರಿ. ಬೆನ್ನ ತಿಕ್ಕಿದ್ರ ಸುಮ್ನ ನಿಂದರತೈತಿ,” ಎಂದಳು ದುಂಡವ್ವ. ಗಂಡ ಹೆಂಡಿರ ವಿಷಯ ತನಗೇಕೆಂದು ಪ್ರಾಚಾರ್ಯರು ಮುಂದಿನ ಪಾಠಕ್ಕೆ ಹೋದರು.

ಮಂಗಳವಾರ ಸಂಜೆಗೆ ದುಂಡವ್ವನ ನಂಬರೂ ಕೈಸೇರಿತು. ಭಾವುಸಾಹೇಬ ಒಂದೇ ಬೆರಳಿನಲ್ಲಿ ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ನಂಬರು ಕುಟ್ಟಿದ. ಪ್ರತಿಯೊಂದರ ಮುಂದೆಯೂ ಹಸಿರು ಗುರುತು ಬಂತು. ಬುಧವಾರವಿಡೀ ಆತ ಚಹಾದಂಗಡಿಯಲ್ಲೇ ಇದ್ದ. ತಾಲೂಕಿನಲ್ಲಿ ಮೊದಲ ವರದಿ ತನ್ನದೇ ಎಂದು ಕೇಳಿದವರಿಗೂ ಹೇಳಿದ, ಕೇಳದವರನ್ನು ನಿಲ್ಲಿಸಿಯೂ ಹೇಳಿದ.

ಆದರೆ ಅಷ್ಟರಲ್ಲಿ ಒಂದು ಅಪರೂಪದ ಘಟನೆ ನಡೆದುಹೋಗಿತ್ತು. ಸರ್ಕಾರದ ಎರಡು ಇಲಾಖೆಗಳ ಕಂಪ್ಯೂಟರುಗಳು ಪರಸ್ಪರ ಮಾತಾಡಿಕೊಂಡಿದ್ದವು. ನಂಬರು ಸಿಕ್ಕ ಕೂಡಲೇ ಪೋರ್ಟಲ್ಲು ತಾನೇ ಮುಂದಾಗಿ ಪ್ರತಿ ನಂಬರಿನ ಹುಟ್ಟಿದ ದಿನವನ್ನು ಎಲ್ಲಿಂದಲೋ ಹುಡುಕಿ ತಂದು ಹೆಸರಿನ ಮುಂದೆ ಅಂಟಿಸಿತು.

ಗುರುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಮೋಟಾರ್ ಸೈಕಲ್ ನಿಂತಿತು. ಇಳಿದವನು ಹಾಲೇಶ, ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಶಾಲೆಗೆ ಸೇರಿಸುವ ಅಧಿಕಾರಿ. ಕೈಯಲ್ಲಿ ಫೈಲು, ಬಿಸ್ಕೀಟಿನ ಪುಡಿಕೆ, ಮುಖದಲ್ಲಿ ಕೆಂಪು.

“ಮಕ್ಕಳೆಲ್ಲಿ?”

“ಯಾವ ಮಕ್ಕಳ್ರಿ?”

“ನಾಲ್ಕ ವರ್ಷದಿಂದ ಎಂಟ ವರ್ಷದ ಇಪ್ಪತ್ತೆರಡ ಮಕ್ಕಳನ್ನ ಶಾಲಿ ಬಿಡಿಸಿ ಇಲ್ಲಿ ಎಮ್ಮಿ ಹಿಂಡಾಕ ಹಚ್ಚೀರಿ. ನೀವ ಕಳಿಸಿದ ವರದಿನ ಹೇಳತೈತಿ. ಯಾರ್ರೀ ಇಲ್ಲಿ ದುಂಡವ್ವ, ವಯಸ್ಸು ಐದು?”

ಹಿಂದಿನ ಸಾಲಿನಿಂದ ದುಂಡವ್ವ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. ಹಾಲೇಶ ಅವಳನ್ನು ನೋಡಿದ, ಕಾಗದ ನೋಡಿದ.

ಭಾವುಸಾಹೇಬನಿಗೆ ತಕ್ಷಣ ಎಲ್ಲವೂ ಹೊಳೆಯಿತು. ಅವನಿಗೆ ಯಾವಾಗಲೂ ತಕ್ಷಣವೇ ಹೊಳೆಯುತ್ತಿತ್ತು, ಅದೇ ಅವನ ತೊಂದರೆ. “ಆಕೀಗೆ ಐವತ್ತೆಂಟ್ರಿ. ಹಿಂದಿನ ಎಂಟು ಬಿದ್ದು ಹೋಗೈತಿ. ಇಲ್ಲಿ ನೆಟ್‌ವರ್ಕ್ ಭಾಳ ವೀಕ್.”

“ಹಂಗಾದ್ರ ಕೋಮಲ? ಏಳು ಅಂತೈತಿ.”

ಕೋಮಲಗೆ ಇಪ್ಪತ್ತೊಂಬತ್ತು. ಭಾವುಸಾಹೇಬ ಎರಡನ್ನು ಒಂಬತ್ತರಿಂದ ಕಳೆದು, ಉತ್ತರ ಸರಿ ಬಂದದ್ದಕ್ಕೆ ಸಂತೋಷಪಟ್ಟು, ಹಾಗೇಕೆ ಕಳೆಯಬೇಕೆಂದು ಹೇಳಲಾಗದೆ ಸುಮ್ಮನಾದ. ಹಾಲೇಶ ದುಂಡವ್ವನ ಹುಟ್ಟಿದ ತಾರೀಖನ್ನು ಗಟ್ಟಿಯಾಗಿ ಓದಿದ.

“ಐದ ವರ್ಷದ ಹಿಂದ, ನಾಗರಪಂಚಮಿ ದಿನಾ ಅಲ್ಲೇನ್ರಿ?” ದುಂಡವ್ವನ ಮುಖ ಅರಳಿತು. “ಅಯ್ಯ, ಅದು ನಮ್ಮ ರಾಣಿ ಹುಟ್ಟಿದ ದಿನಾರಿ!”

“ರಾಣಿ! ಈಗ ಬಂತ ನೋಡ್ರಿ ಖರೇ ಹೆಸರು. ಎಲ್ಲದಾಳ ರಾಣಿ?”

“ಮೇಯಾಕ ಹೋಗ್ಯಾಳ್ರಿ.”

“ಐದ ವರ್ಷದಾಕಿನ್ನ ಮೇಸಾಕ ಕಳಿಸೀರಿ,” ಎನ್ನುತ್ತ ಹಾಲೇಶ ಬರೆದುಕೊಂಡ. “ಊಟಕ್ಕ ಏನ ಕೊಡ್ತೀರಿ?”

“ಹಸಿ ಕಬ್ಬಿನ ಸೋಗಿ, ಒಣ ಜ್ವಾಳದ ಕಣಿಕಿ. ಸಂಜೀಕ ಒಂದ ಬುಟ್ಟಿ ಹಿಂಡಿ.”

ಹಾಲೇಶನ ಪೆನ್ನು ನಿಂತಿತು. “ಮನ್ಯಾಗ ಎಲ್ಲಿ ಮಲಗ್ತಾಳ?”

“ಹೊರಗ್ರಿ. ಗೂಟಕ್ಕ ಕಟ್ಟಿರ್ತೇವಿ. ಕಟ್ಟಲಿಲ್ಲಂದ್ರ ರಾವಸಾಹೇಬ್ರ ಕಬ್ಬಿನಾಗ ಹೊಕ್ಕೊಂಡ ಬಿಡ್ತಾಳ. ಭಾಳ ಹಟಮಾರಿ.”

ಹಾಲೇಶನ ಕಣ್ಣಲ್ಲಿ ನೀರು ಬಂತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಂಥ ಕೇಸು ಆತ ಕಂಡಿರಲಿಲ್ಲ. ಅಲ್ಲೇ ನಿಂತು ಮೇಲಿನ ಕಚೇರಿಗೆ ಸಂದೇಶ ಕಳಿಸಿದ: ‘ಇಪ್ಪತ್ತೆರಡು ಮಕ್ಕಳ ಪತ್ತೆ. ಸ್ಥಿತಿ ಗಂಭೀರ.’ ‘ಅಭಿನಂದನೆಗಳು’ ಎಂದು ಮರುಕ್ಷಣವೇ ಉತ್ತರ ಬಂತು. “ಈಗಿಂದೀಗ ರಾಣಿನ್ನ ಕರಸ್ರಿ,” ಎಂದು ಗುಡುಗಿದ.

ಅರ್ಧ ತಾಸಿಗೆ ಭೀಮಸಿ ರಾಣಿಯನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದ. ರಾಣಿ ಶೆಡ್ಡಿನೊಳಗೆ ಅರ್ಧ ಬಂದು, ಪ್ರಾಚಾರ್ಯರ ಮೇಜಿನ ಪಕ್ಕ ನಿಂತು, ಹಾಲೇಶನ ಕೈಯಿಂದ ಬಿಸ್ಕೀಟಿನ ಪುಡಿಕೆಯನ್ನು ಕಾಗದಸಮೇತ ತಿಂದಿತು.

“ಎಮ್ಮಿ ಹೊರಗ ಕಟ್ಟಿ ಮಗೂನ್ನ ಕರ್ಕೊಂಡ ಬಾರೋ.”

“ಇದ ರಾಣಿ ರೀ,” ಎಂದ ಭೀಮಸಿ.

ಹಾಲೇಶ ಎಮ್ಮೆಯ ಕಿವಿಯ ಬಿಲ್ಲೆ ನೋಡಿದ. ಮೊಬೈಲು ನೋಡಿದ. ಮತ್ತೆ ಬಿಲ್ಲೆ ನೋಡಿದ. ಹನ್ನೆರಡಕ್ಕೆ ಹನ್ನೆರಡೂ ಅಂಕಿ ಸರಿಯಾಗಿದ್ದವು. ಆತ ಮೆಲ್ಲಗೆ ಬೆಂಚಿನ ಮೇಲೆ ಕೂತ. “ಇಪ್ಪತ್ತೆರಡ ಮಕ್ಕಳು ಸಿಕ್ಕಾವಂತ ಕಳಿಸಿ ಬಿಟ್ಟೇನಲ್ರಿ. ಎಲ್ಲಾವು ಎಮ್ಮಿ ಅಂತ ಈಗ ಹ್ಯಾಂಗ ಬರೀಲಿ?”

“ಎರಡ ಆಕಳ ಅದಾವ್ರಿ,” ಎಂದಳು ಕೋಮಲ, ಸತ್ಯಕ್ಕೆ ಅಪಚಾರವಾಗಬಾರದೆಂದು.

ಸುದ್ದಿ ಮಧ್ಯಾಹ್ನದೊಳಗೆ ಮಂಗಸೂಳಿ ದಾಟಿತು. ರಾವಸಾಹೇಬರು ಶೆಡ್ಡಿಗೆ ಬಂದು, ಒಳಗೆ ಇಣುಕಿ, ದ್ರಾಕ್ಷಿ ಒಣಗಿಸುವ ಜಾಗವನ್ನು ಹೆಜ್ಜೆಯಿಂದ ಅಳೆದರು. “ನಾಳೆ ಆರ ಗಂಟೇಕ ಬರ್ತೇನಿ. ಏಣಿ ತಗೊಂಡ.” ಈ ಸಲ ಭಾವುಸಾಹೇಬನಿಂದ ಹೂಂ ಕೂಡ ಹೊರಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಲೇಶ ಕರೆಯದೆಯೇ ಬಂದ. ಹೆಂಗಸರ ನಂಬರು ಸರಿಯಾಗಿ ಪೋರ್ಟಲ್ಲಿಗೆ ಸೇರಿದರೆ ‘ಮಕ್ಕಳು’ ತಾವಾಗಿಯೇ ಮಾಯವಾಗುತ್ತವೆ ಎಂಬ ಆಸೆ ಅವನಿಗೂ ಇತ್ತು. ನಂಬರಿಲ್ಲದ ವಿದ್ಯಾರ್ಥಿಗಳಿಗೆ ಸ್ಥಳದಲ್ಲೇ ಹೊಸ ನಂಬರು ಕೊಡಬಹುದೆಂದು ಇಲಾಖೆಯ ಪತ್ರದ ಮೂರನೆಯ ಪುಟದಲ್ಲಿತ್ತು, ಹೆಬ್ಬೆರಳು ಒತ್ತಿದರಾಯಿತು. ಆದರೆ ಹಾಲೇಶ ತಂದ ಯಂತ್ರ ಯಾರ ಹೆಬ್ಬೆರಳನ್ನೂ ಗುರುತಿಸಲಿಲ್ಲ. ವರ್ಷಗಟ್ಟಲೆ ಹಾಲು ಹಿಂಡಿ, ಸೋಗೆ ಕೊಯ್ದ ಬೆರಳುಗಳಲ್ಲಿ ಗೆರೆ ಎಂಬುದೇ ಕಾಣುತ್ತಿರಲಿಲ್ಲ.

ಆಗ ಭಾವುಸಾಹೇಬ ಜೀವಮಾನದಲ್ಲಿ ಮೊದಲ ಸಲ ಒಂದು ಪತ್ರದ ನಾಲ್ಕನೆಯ ಪುಟ ಓದಿದ. ಅಲ್ಲಿ ವಿನಾಯಿತಿಗಳಿದ್ದವು! ಓಡೋಡಿ ತರಗತಿಗೆ ಬಂದ.

“ಕೇಳ್ರಿ. ಹೊರರಾಜ್ಯದಾಗ ಇರೂವರಿಗೆ ನಂಬರ್ ಬ್ಯಾಡಂತ. ಕೋಮಲ, ನೀ ಮೀರಜದಾಕಿ ಅಂತ ಬರೀತೇನಿ.”

“ತವರಿಗೆ ಹೋದ್ರ ಕರ್ನಾಟಕದಾಕಿ ಬಂದಳ ಅಂತಾರ, ಇಲ್ಲಿ ನೀವ ಮಹಾರಾಷ್ಟ್ರದಾಕಿ ಅಂತೀರಿ,” ಕೋಮಲ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಾ ಏನ ಗಡಿ ಮ್ಯಾಲಿನ ಕೊಗನೊಳ್ಳಿ ಟೋಲ್ ನಾಕಾದಾಗ ಸಂಸಾರ ಹೂಡ್ಲಿ?”

“ಆತ ಬಿಡವಾ. ಮೂರ ದಿನಕ್ಕಿಂತ ಸಣ್ಣ ಕೋರ್ಸ್ ಆದ್ರೂ ಬ್ಯಾಡಂತ.”

“ಐದ ವಾರ ಮನ್ಯಾಗ ಬೈಸ್ಕೊಂಡ ಬಂದೇವಿ. ಮೂರ ದಿನಾ ಅಂತ ಬರದ್ರ ನೋಡ್ರಿ!” ನಾಲ್ಕು ದನಿ ಒಟ್ಟಿಗೆ ಬಂದವು.

ಮೂರನೆಯದನ್ನು ಆತ ಓದಿದ ಮೇಲೆಯೇ ಅದರ ಅರ್ಥ ಅವನಿಗಾದದ್ದು. “ಮೃತಪಟ್ಟ ವಿದ್ಯಾರ್ಥಿಗಳಿಗೆ...”

“ಅದನ್ನ ಯಾರ ಹೆಸರಿಗೆ ಹಚ್ಚೂ ವಿಚಾರ ಐತ್ರಿ ಸರ?” ಎಂದು ದುಂಡವ್ವ ವಿನಯದಿಂದ ಕೇಳಿದಳು.

ಉಳಿದದ್ದು ನಾಲ್ಕನೆಯದು. ನಂಬರು ತನ್ನ ಮನಸ್ಸಾಕ್ಷಿಗೆ ಒಪ್ಪುವುದಿಲ್ಲ ಎಂದು ವಿದ್ಯಾರ್ಥಿ ಬರೆದುಕೊಟ್ಟರೆ ಮುಗಿಯಿತು, ವರದಿ ಪೂರ್ಣ, ಮಾನ್ಯತೆ ಭದ್ರ. ಭಾವುಸಾಹೇಬ ಇಪ್ಪತ್ತೆರಡು ಹಾಳೆ ಬರೆದೇ ತಂದಿದ್ದ, ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಹಾಲೇಶ ಕೆಮ್ಮಿದ. “ಕೆಳಗಿನ ಸಾಲೂ ಓದ್ರಿ. ವಿನಾಯಿತಿ ತಗೊಂಡವರಿಗೆ ಪ್ರಮಾಣಪತ್ರ ಇಲ್ಲ.”

ದುಂಡವ್ವ ಹಾಳೆಯನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿದಳು.

“ಸರ, ನನ್ನ ಎಮ್ಮಿಗೆ ನಂಬರ್ ಐತಿ. ಅದರ ಕರೂಕ ಐತಿ. ಯಾವಾಗ ಹುಟ್ಟೈತಿ, ಎಲ್ಲೈತಿ, ಸರಕಾರಕ್ಕ ಎಲ್ಲಾ ಗೊತ್ತೈತಿ. ಐವತ್ತೆಂಟ ವರ್ಷಾತು, ನಾ ಏನ ಕಲತೇನಿ ಅಂತ ಯಾರೂ ಒಂದ ಚೀಟ್ಯಾಗೂ ಬರಕೊಂಡಿಲ್ಲ. ನನಗ ನಂಬರ್ ಬ್ಯಾಡ ಅಂತ ನಾ ಹ್ಯಾಂಗ ಬರದ ಕೊಡ್ಲಿ?”

ಭಾವುಸಾಹೇಬನಿಗೆ ನಾಚಿಕೆಯಾಯಿತು. ಬೋರ್ಡಿನ ಮೇಲೆ ತನ್ನ ಹೆಸರು ಉಳಿಯಲೆಂದು ಇಪ್ಪತ್ತೆರಡು ಜನರ ಹೆಸರನ್ನು ಅಳಿಸಲು ಹೊರಟಿದ್ದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಹಾಳೆಗಳನ್ನೆಲ್ಲ ಹರಿದು, ಶೆಡ್ಡಿನ ಹೊರಗೆ ಕಟ್ಟಿದ್ದ ರಾಣಿಯ ಮುಂದೆ ಹಾಕಿದ.

ದುಂಡವ್ವ ಮನೆಗೆ ಹೋಗಿ ಒಂದು ಗಡಿಗೆ ಬೆಣ್ಣೆ ತಂದಳು. ಒಡೆದ ಕೆಚ್ಚಲಿಗೆ ಹಚ್ಚುವ ಹಾಗೆ ಒಬ್ಬೊಬ್ಬರ ಹೆಬ್ಬೆರಳಿಗೂ ತಾಸುಗಟ್ಟಲೆ ಬೆಣ್ಣೆ ತಿಕ್ಕಿದರು, ಬಿಸಿನೀರಲ್ಲಿ ತೊಳೆದರು, ಮತ್ತೆ ತಿಕ್ಕಿದರು. ಮಧ್ಯಾಹ್ನ ಮೂರಕ್ಕೆ ಯಂತ್ರ ಮೊದಲ ಬಾರಿ ಕೀಂ ಎಂದಿತು. ದುಂಡವ್ವನಿಗೆ ನಂಬರು ಬಂದಿತ್ತು. ಐದೂವರೆಗೆ ಇಪ್ಪತ್ತೆರಡೂ ಮುಗಿದವು. ಹೊರಗೆ ರಾವಸಾಹೇಬರು ಏಣಿಯನ್ನು ಗೋಡೆಗೆ ಒರಗಿಸಿ ನಿಂತಿದ್ದರು. ಭಾವುಸಾಹೇಬನ ಹೆಂಡತಿ ಸುಂದ್ರವ್ವ ಎಲ್ಲರಿಗೂ ಚಹಾ ತಂದಿದ್ದಳು.

ಆಗ ಪೋರ್ಟಲ್ಲು ಕೊನೆಯ ಪುಟ ತೆರೆಯಿತು: ‘ಸಂಸ್ಥೆಯ ಮುಖ್ಯಸ್ಥರ ವಿದ್ಯಾರ್ಥಿ ಗುರುತಿನ ಸಂಖ್ಯೆ (ಕಡ್ಡಾಯ)’.

“ಹೇಳ್ರಿ,” ಎಂದ ಹಾಲೇಶ. “ನಂಬರ್ ಇರದಿದ್ರ ಡಿಗ್ರಿ ಎಲ್ಲಿ ಮುಗಿಸೀರಿ ಹೇಳ್ರಿ, ಅಲ್ಲಿಂದ ಹುಡುಕೋಣು.”

“ನಿಪ್ಪಾಣಿ ಕಾಲೇಜ್‌ನ್ಯಾಗ್ರಿ. ಬಿ.ಎ.” ಎಂದಳು ಸುಂದ್ರವ್ವ ಹೆಮ್ಮೆಯಿಂದ.

ಭಾವುಸಾಹೇಬ ಚಹಾ ನೋಡುತ್ತ ನಿಂತ. ರಾವಸಾಹೇಬರು ಬಾಗಿಲಿನಿಂದ ನಗತೊಡಗಿದರು. “ಹೇಳೋ ತಮ್ಮಾ.”

“ಕಾಲೇಜಿಗೆ ಹೋಗಿದ್ನಿ, ಖರೇ,” ಎಂದ ಭಾವುಸಾಹೇಬ ಸಣ್ಣ ದನಿಯಲ್ಲಿ. “ದೋಸ್ತನ್ನ ಬಿಡಾಕ. ನಂದು ಶಾಲಿ ಒಂಬತ್ತನೇತ್ತಕ್ಕ ಮುಗೀತು.”

“ಇಪ್ಪತ್ತಾರ ವರ್ಷಾ!” ಸುಂದ್ರವ್ವ ತಟ್ಟೆ ಕೆಳಗಿಟ್ಟಳು. “ಬಿ.ಎ. ಗಂಡ ಅಂತ ನಮ್ಮಪ್ಪ ಊರ ತುಂಬ ಪೇಢೆ ಹಂಚಿದ್ದ!”

“ಮುಖ್ಯಸ್ಥರಿಗೆ ಏನರ ವಿನಾಯಿತಿ ಐತೇನ್ರಿ?” ಭಾವುಸಾಹೇಬ ಹಾಲೇಶನನ್ನು ಕೇಳಿದ.

“ಸತ್ತವರಿಗೆ ಮಾತ್ರ.”

“ಆರ ಗಂಟೇಕ ಇನ್ನೂ ಹದಿನೈದ ಮಿನಿಟ್ ಐತಿ,” ಎಂದಳು ಸುಂದ್ರವ್ವ.

ಹಾಲೇಶ ತಲೆ ಕೆರೆದುಕೊಂಡು ಒಂದು ದಾರಿ ಕಂಡುಹಿಡಿದ. ಮಾನ್ಯತೆ ಇರುವ ಯಾವುದಾದರೂ ಕೋರ್ಸಿಗೆ ಇವತ್ತೇ ಹೆಸರು ಹಚ್ಚಿದರೆ ಭಾವುಸಾಹೇಬನಿಗೂ ನಂಬರು ಹುಟ್ಟುತ್ತದೆ. ಹತ್ತು ಮೈಲಿಯೊಳಗೆ ಅಂಥ ಕೋರ್ಸು ಒಂದೇ ಇತ್ತು, ಅದರ ಬೋರ್ಡು ಹೊರಗೆ ತೂಗುತ್ತಿತ್ತು. ಐದು ಐವತ್ತೆರಡಕ್ಕೆ ಪ್ರಾಚಾರ್ಯರು ತಮ್ಮದೇ ಕೇಂದ್ರದಲ್ಲಿ ಇಪ್ಪತ್ಮೂರನೆಯ ವಿದ್ಯಾರ್ಥಿಯಾದರು. ಯಂತ್ರ ಅವರ ಹೆಬ್ಬೆರಳನ್ನು ಬೆಣ್ಣೆಯಿಲ್ಲದೆ ಒಂದೇ ಸಲಕ್ಕೆ ಗುರುತಿಸಿತು. ಒಂದು ದಿನವೂ ಕೆಲಸ ಮಾಡದ ಬೆರಳು, ಎಲ್ಲ ಗೆರೆಗಳೂ ಹುಟ್ಟಿದಾಗಿನಂತೆಯೇ ಇದ್ದವು. ರಾವಸಾಹೇಬರು ಏಣಿ ಹೊತ್ತುಕೊಂಡು ಮನೆಗೆ ಹೋದರು.

ಮರುವಾರ ಪ್ರಾಯೋಗಿಕ ಪರೀಕ್ಷೆ. ಪರೀಕ್ಷೆ ಮಾಡಲು ಅಥಣಿಯಿಂದ ದನದ ಡಾಕ್ಟರ್ ಬಾಹುಬಲಿ ಬಂದರು. ಒಬ್ಬೊಬ್ಬರೂ ಒಂದು ಲೀಟರು ಹಾಲು ಹಿಂಡಬೇಕು. ಇಪ್ಪತ್ತೆರಡು ಹೆಂಗಸರು ಮಾತಾಡುತ್ತ ಮಾತಾಡುತ್ತಲೇ ಹಿಂಡಿ ಎದ್ದರು. ಇಪ್ಪತ್ಮೂರನೆಯ ವಿದ್ಯಾರ್ಥಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಾಣಿಯ ಹತ್ತಿರ ಕೂತ. ರಾಣಿ ಒಮ್ಮೆ ತಿರುಗಿ ನೋಡಿತು, ಆಮೇಲೆ ಒದ್ದಿತು. ಪಾತ್ರೆ ಬಾಹುಬಲಿಯವರ ಕಾಲ ಬಳಿ ಬಿತ್ತು, ಪ್ರಾಚಾರ್ಯರು ಸಗಣಿಯ ಗುಂಡಿಯ ಬಳಿ ಬಿದ್ದರು.

ಪ್ರಮಾಣಪತ್ರಗಳಿಗೆ ಭಾವುಸಾಹೇಬ ತೊಳೆದ ಕೈಯಲ್ಲಿ ಸಹಿ ಮಾಡಿದ. ದುಂಡವ್ವ ತನ್ನದನ್ನು ತೆಗೆದುಕೊಂಡು, “ನನ್ನ ನಂಬರ್ ಯಾವದ್ರಿ?” ಎಂದು ಕೇಳಿ, ತೋರಿಸಿದ ಮೇಲೆ ಹನ್ನೆರಡು ಅಂಕಿಯ ಮೇಲೂ ಒಂದೊಂದಾಗಿ ಬೆರಳಾಡಿಸಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಕಟ್ಟಿನ ಕೊನೆಯಲ್ಲಿ ‘ಅನುತ್ತೀರ್ಣ’ ಎಂದು ಬರೆದ ಒಂದು ಹಾಳೆ ಉಳಿಯಿತು. ಅದಕ್ಕೆ ಮೂರು ಸಹಿ ಬೇಕಿತ್ತು. ವಿದ್ಯಾರ್ಥಿಯ ಸಹಿ ಭಾವುಸಾಹೇಬ ಮಾಡಿದ. ಪ್ರಾಚಾರ್ಯರ ಸಹಿಯನ್ನೂ ಅವನೇ ಮಾಡಿದ. ಮೂರನೆಯದು ಪಾಲಕರದು. ಸುಂದ್ರವ್ವ ಹಾಳೆಯನ್ನು ಮುಂದಕ್ಕೆಳೆದುಕೊಂಡಳು, ಪೆನ್ನು ಹಿಡಿದಳು, ಸಹಿ ಮಾಡುವ ಮೊದಲು ದುಂಡವ್ವನ ಕಡೆ ತಿರುಗಿ ಕೇಳಿದಳು.

“ಹ್ಯಾಂಗ ಅದಾನ್ರಿ ನಮ್ಮಂವಾ?”

“ಶ್ಯಾಣ್ಯಾ ಅದಾರ್ರಿ,” ಎಂದಳು ದುಂಡವ್ವ. “ಆದ್ರ ಅಭ್ಯಾಸದಾಗ ಲಕ್ಷ್ಯ ಇಲ್ಲ. ಮುಂದಿನ ಬ್ಯಾಚಿಗೆ ದಿನಾ ಕಳಿಸ್ರಿ, ನಾ ತಯಾರ ಮಾಡ್ತೇನಿ.”